ಕಾಲು ಮುರದಾಕಿಗೆ ಬಿಸ್ಕೀಟು ತರಬ್ಯಾಡ್ರಿ

ನಾ ಇಲ್ಲೆ ಏನೂ ಬರೀದನ ಮೂರು ತಿಂಗಳಾತು. ಯಾಕಂತ ನಿಮ್ಮೊಳಗ ಅರ್ಧ ಮಂದಿಗೆ ಗೊತ್ತದ, ಮನಿಗೆ ಬಂದು ಮಂಚದ ಬಾಜೂ ಕೂತು ಚಹಾ ಕುಡದು ಹೋಗೀರಿ. ಗೊತ್ತಿಲ್ಲದವರಿಗೆ ಸಣ್ಣಾಗಿ ಹೇಳಿಬಿಡ್ತೀನಿ. ನಾಗರ ಪಂಚಮಿ ಇನ್ನ ನಾಲ್ಕು ದಿನ ಇತ್ತು. ಧಾರವಾಡದ ಮಳಿ ಹೆಂಗಂತ ನಿಮಗ ಹೇಳೋದು ಬ್ಯಾಡ. ಹಿತ್ತಲದ ಕಲ್ಲಿಗೆ ಪಾಚಿ ಕಟ್ಟಿತ್ತು. ಉಂಡಿಗೆ ಶೇಂಗಾ ಹುರೀಬೇಕಂತ ದೊಡ್ಡ ಕಡಾಯಿ ತೊಳಕೊಂಡು ಒಳಗ ಬರೋವಾಗ ಕಾಲು ಜಾರ್ತು. ಕಡಾಯಿಗೆ ಏನೂ ಆಗ್ಲಿಲ್ಲ, ಅದನ್ನ ಮಾತ್ರ ಗಟ್ಟಿ ಹಿಡಕೊಂಡಿದ್ದೆ. ಪಾದದ ಗಂಟು ಎರಡೂ ಕಡೆ ಮುರೀತು. ಆಪರೇಶನ್ ಆತು, ಪ್ಲೇಟು, ಸ್ಕ್ರೂ ಹಾಕಿದ್ರು, ಆರು ವಾರ ಆ ಕಾಲು ನೆಲಕ್ಕ ಊರಬ್ಯಾಡ್ರಿ ಅಂದು ಮನಿಗೆ ಕಳಿಸಿದ್ರು.

ಅಯ್ಯೋ ಪಾಪ ಅನ್ನಿಸಿಕೊಳ್ಳಲಿಕ್ಕೆ ಇದನ್ನ ಬರೀಲಿಕ್ಕತ್ತಿಲ್ಲ. ಮಂಚದ ಮ್ಯಾಲೆ ಕೂತು ಕೂತು ತಲ್ಯಾಗ ಒಂದು ಮಾತು ಕುದೀಲಿಕ್ಕತ್ತದ, ಹೇಳದಿದ್ರ ನನಗ ಸಮಾಧಾನ ಇಲ್ಲ. ಕಾಲು ಮುರದ ಹೆಣಮಗಳಿಗೆ ನಾವು ಪ್ರೀತಿಯಿಂದ ಮಾಡೋ ಆರೈಕಿ ಒಳಗ ಅರ್ಧ ಆಕಿನ್ನ ಇನ್ನಷ್ಟು ಸೊರಗಸ್ತದ. ಆಕಿನೂ ಬಾಯಿ ಮುಚ್ಚಿಕೊಂಡು ಅದಕ್ಕ ಹೂಂ ಅಂತಾಳ. ನಾನೂ ಅಂದೆ. ಕೆಲವರಿಗೆ ಸಿಟ್ಟು ಬರಬಹುದು, ಬರ್ಲಿ.

ಮೊದಲ ಬಿಸ್ಕೀಟಿನ ಮಾತು ಮುಗಿಸ್ತೀನಿ. ದವಾಖಾನಿಯಿಂದ ಬಂದ ಮ್ಯಾಲೆ ಹನ್ನೊಂದು ದಿನದಾಗ ನಮ್ಮ ಮನಿಗೆ ಹತ್ತೊಂಬತ್ತು ಪುಡಿಕಿ ಬಿಸ್ಕೀಟು, ನಾಲ್ಕು ಬ್ರೆಡ್ಡು, ಎರಡು ಡಜನ್ ಬಾಳಿಹಣ್ಣು, ಏಳೋ ಎಂಟೋ ಎಳನೀರು ಬಂದ್ವು. ನಾ ಎಣಿಸೀನಿ, ಮಾಡ್ಲಿಕ್ಕೆ ಬ್ಯಾರೆ ಕೆಲಸ ಏನಿತ್ತು? ತಂದವರ ಮನಸು ದೊಡ್ಡದು, ಅದರ ಬಗ್ಗೆ ನಾ ಒಂದಕ್ಷರ ಅನ್ನಂಗಿಲ್ಲ. ಖರೇ, ಬಿಸ್ಕೀಟಿನಾಗ ಏನದ? ಮೈದಾ, ಸಕ್ಕರಿ, ಎಣ್ಣಿ. ಇಡೀ ದಿನ ಮಂಚದ ಮ್ಯಾಲಿದ್ದಾಕಿಗೆ ಚಹಾದಾಗ ಅದ್ದಿಕೊಂಡು ನಾಲ್ಕು ತಿಂದ್ರ ಹೊಟ್ಟಿ ತುಂಬಿದಂಗಾಗ್ತದ, ಊಟ ಸೇರಂಗಿಲ್ಲ. ಬಾಜೂ ಮನಿ ವೈನಿ ಒಬ್ಬರು ಮಾತ್ರ ಒಂದಿನ ಮಡಿಕಿಕಾಳಿನ ಉಸುಳಿ ಮಾಡಿ, ಮ್ಯಾಲೆ ನಿಂಬಿಹಣ್ಣು ಹಿಂಡಿ, ಡಬ್ಬಿ ಕೊಟ್ಟು ಹೋದ್ರು. ಅವತ್ತು ನನಗ ಅದರ ಬೆಲಿ ತಿಳೀಲಿಲ್ಲ. ಕಾಳು ವಾಯು ಅಂತ ಎರಡು ಚಮಚಾ ತಿಂದು ಉಳಿದದ್ದು ನಮ್ಮನಿಯವರಿಗೆ ಕೊಟ್ಟೆ.

ಯಾಕಂದ್ರ ಅಷ್ಟೊತ್ತಿಗೆ ನನ್ನ ಪಥ್ಯದ ಯಾದಿ ತಯಾರಾಗಿತ್ತು. ಬಂದವರೆಲ್ಲಾ ಒಂದೊಂದು ಬ್ಯಾಡ ಅಂತ ಹೇಳಿ ಹೋಗಿದ್ರು. ಬದನಿಕಾಯಿ ನಂಜು. ಶೇಂಗಾ ಪಿತ್ತ. ತೊಗರಿಬ್ಯಾಳಿ ತಿಂದ್ರ ಹೊಲಿಗಿ ಕೀವು ಹಿಡೀತದ. ಮೊಸರು ಥಂಡಿ, ಮಳಿಗಾಲದಾಗಂತೂ ಬ್ಯಾಡೇಬ್ಯಾಡ. ಕಾಳು ವಾಯು. ತತ್ತಿ ತಿನ್ನೋ ಮನಿಯವರಿಗೆ ತತ್ತಿನೂ ನಂಜು ಅಂತಾರಂತ. ಎಲ್ಲಾ ತಗದ ಮ್ಯಾಲೆ ಉಳೀತೇನು? ಮೆತ್ತನ ಅನ್ನ, ನೀರಸಾರು, ರವಾ ಗಂಜಿ, ಬ್ರೆಡ್ಡು. ಅದೂ ಹಿಟ್ಟು, ಇದೂ ಹಿಟ್ಟು.

ನಾ ಪಿಯುಸಿ ಆರ್ಟ್ಸ್ ಓದಿದಾಕಿ, ಸೈನ್ಸಿನಾಕಿ ಅಲ್ಲ. ಆದ್ರೂ ಎಲಬು ಅಂದ್ರ ಬರೇ ಸುಣ್ಣ ಅಲ್ಲ ಅಂತ ಈಗ ತಿಳದದ. ಎಲಬಿನ ಒಳಗ ಪ್ರೋಟೀನಿನ ಒಂದು ಬಲಿ ಇರ್ತದ, ಆ ಬಲಿಮ್ಯಾಲೆ ಕ್ಯಾಲ್ಸಿಯಂ ಕೂಡ್ತದ. ಗ್ವಾಡಿ ಕಟ್ಟೋವಾಗ ಬರೇ ಸಿಮೆಂಟ್ ತಂದು, ಕಬ್ಬಿಣ ತರಲಿಲ್ಲಂದ್ರ ಹೆಂಗ? ಹೊಲಿಗಿ ಹಾಕಿದ ಚರ್ಮ ಕೂಡಲಿಕ್ಕೂ ಪ್ರೋಟೀನು ಬೇಕು, ಕಾಲಿನ ಮಾಂಸ ಉಳೀಲಿಕ್ಕೂ ಬೇಕು. ಅದು ನಮ್ಮಂಥ ಶಾಕಾಹಾರಿಗಳಿಗೆ ಎಲ್ಲಿಂದ ಬರ್ತದ? ಕಾಳು, ಬ್ಯಾಳಿ, ಶೇಂಗಾ, ಹಾಲು, ಮೊಸರು. ನಂಜು, ವಾಯು, ಪಿತ್ತ, ಥಂಡಿ ಅಂತ ನಾವು ತಗದು ಹಾಕಿದ್ವಲ್ಲ, ಸರಿಯಾಗಿ ಅವೇ! ಹುಡುಕಿ ತಗದ್ರೂ ಇಷ್ಟು ಬರೋಬ್ಬರಿ ತಗೀಲಿಕ್ಕೆ ಆಗ್ತಿರಲಿಲ್ಲ.

ಹಿರಿಯರು ಹೇಳಿದ್ದೆಲ್ಲಾ ಸುಳ್ಳು ಅಂತಲ್ಲ. ಯಾರಿಗೋ ಶೇಂಗಾ ತಿಂದ್ರ ಮೈ ಕೆರೀತದ, ಅವರು ಬಿಡಬೇಕು. ಮೂತ್ರಪಿಂಡದ ತೊಂದರಿ ಇದ್ದವರು ಪ್ರೋಟೀನು ಹೆಚ್ಚು ಮಾಡೋಕ್ಕಿಂತ ಮೊದಲು ಡಾಕ್ಟರನ್ನ ಕೇಳಬೇಕು. ಆದ್ರ ನನ್ನ ಡಾಕ್ಟರು ಏನೂ ಬಿಡು ಅಂದಿರಲಿಲ್ಲ. ನಾವೇ ಬಿಟ್ವಿ.

ಇನ್ನ ನಂದೇ ತಪ್ಪಿನ ಮಾತು. ಶ್ರಾವಣ ನೋಡ್ರಿ. ಸೋಮವಾರ ಒಪ್ಪತ್ತು, ಶನಿವಾರ ಒಪ್ಪತ್ತು, ಏಕಾದಶಿ ಉಪವಾಸ. ಮುವತ್ತು ವರ್ಷದಿಂದ ಮಾಡೀನಿ, ಈ ವರ್ಷ ಬಿಡೋದು ಹೆಂಗ ಅಂತ ಕಾಲಿಗೆ ಪ್ಲಾಸ್ಟರ್ ಇಟಗೊಂಡೇ ಮಾಡಿದೆ. ಉಪವಾಸದ ದಿನ ಸಾಬೂದಾಣಿ ಖಿಚಡಿ. ಸಾಬೂದಾಣಿ ಒಳಗ ಪ್ರೋಟೀನು ಇಲ್ಲ ಅಂದ್ರೂ ನಡೀತದ, 100 ಗ್ರಾಂದಾಗ ಒಂದು ಗ್ರಾಂ ಸೈತ ಬರಂಗಿಲ್ಲ, ಅದು ಬರೇ ಗಂಜಿ. ಅದರಾಗ ಹಾಕೋ ಶೇಂಗಾಪುಡಿನೇ ಏನಿದ್ರೂ ಸತ್ವ, ಅದನ್ನ ಪಿತ್ತ ಅಂತ ನಮ್ಮ ತಂಗಿ ಕಡಿಮಿ ಹಾಕಿದ್ಲು. ದೇವರೇನು ಕಾಲು ಮುರದಾಕಿ ಉಪವಾಸ ಮಾಡ್ಲಿ ಅಂತ ಕೂತಿರ್ತಾನ? ಬ್ಯಾನಿ ಬಂದವರಿಗೆ ಉಪವಾಸ ಇಲ್ಲ ಅಂತ ನಮ್ಮ ಅವ್ವನೇ ಹೇಳ್ತಿದ್ಲು. ನಮಗ ಕೇಳಿಸಿಕೊಳ್ಳೋದು ಬ್ಯಾಡಾಗಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಇದನ್ನ ಬರೀಲಿಕ್ಕೆ ಸಂಕೋಚ ಆಗ್ತದ, ಆದ್ರ ಓದೋರೆಲ್ಲಾ ಹೆಣಮಕ್ಕಳೇ, ಬರೀತೀನಿ. ನಾ ನೀರು ಕುಡಿಯೋದು ಬಿಟ್ಟೆ. ಕುಡದ್ರ ಒಂದಕ್ಕ ಹೋಗಬೇಕು, ಹೋಗಬೇಕಂದ್ರ ಯಾರನ್ನರೆ ಕರೀಬೇಕು. ವಾಕರ್ ಹಿಡಕೊಂಡು ಒಂದು ಕಾಲ ಮ್ಯಾಲೆ ಕುಪ್ಪಳಿಸಿಕೋತ ಸಂಡಾಸಕ್ಕ ಹೋಗೋದು, ನಮ್ಮನಿಯವರು ಹಿಂದ ಹಿಂದ ಬರೋದು. ಮುವತ್ತೊಂದು ವರ್ಷದ ಸಂಸಾರದಾಗ ನಾ ಅವರನ್ನ ಅಂಥ ಕೆಲಸಕ್ಕ ಎಬ್ಬಿಸಿದ್ದಿಲ್ಲ. ಅದಕ್ಕ ಮಧ್ಯಾಹ್ನದ ಮ್ಯಾಲೆ ನೀರು ಬಂದ್. ಎರಡನೇ ವಾರ ಉರಿಮೂತ್ರ ಶುರು ಆತು, ಮಲಬದ್ಧತೆ ಆತು, ಅದಕ್ಕೊಂದು ಬ್ಯಾರೆ ಔಷಧ. ನಂಗೊತ್ತು, ಇದನ್ನ ನಾ ಒಬ್ಬಾಕಿನೇ ಮಾಡಿಲ್ಲ. ನಿಮ್ಮ ಮನ್ಯಾಗ ಯಾರರೆ ಮಂಚ ಹಿಡಿದಿದ್ರ ನೀರಿನ ತಂಬಿಗಿ ಸಂಜಿಕೆ ಎಷ್ಟು ಖಾಲಿ ಆಗೇದ ನೋಡ್ರಿ. ಕೇಳಿದ್ರ ಕುಡದೀನಿ ಅಂತಾರ. ಕೇಳಬ್ಯಾಡ್ರಿ, ತಂಬಿಗಿ ನೋಡ್ರಿ. ಮಂಚದ ಬಾಜೂ ಕೂಡೋ ಕಮೋಡ್ ಖುರ್ಚಿ ಬಾಡಿಗಿಗೂ ಸಿಗ್ತದ. ಮೊದಲನೇ ದಿನಾನೇ ತರಸ್ರಿ, ನಾಚಿಕಿ ಅರ್ಧ ಕಡಿಮಿ ಆಗ್ತದ, ರಾತ್ರಿ ಬೀಳೋ ಅಂಜಿಕಿನೂ ತಪ್ತದ.

ಮತ್ತ ಊಟ. ಯಾರೂ ನನಗ ಕಡಿಮಿ ಹಾಕಲಿಲ್ಲ, ನಾನೇ ಸಾಕು ಅಂದೆ. “ಕೂತಲ್ಲೇ ಇರ್ತೀನಿ, ನನಗೇನು ಹಸಿವಿ” ಅಂತ. ಒಳಗಿನ ಮಾತು ಬ್ಯಾರೆನೇ ಇತ್ತು. ದುಡೀಲಾರದ ದಿನ ಎರಡನೇ ಭಕ್ರಿ ಕೇಳಲಿಕ್ಕೆ ಬಾಯಿ ಬರಂಗಿಲ್ಲ. ಭಕ್ರಿ ಬಡದು, ಎಲ್ಲಾರಿಗೂ ಬಡಿಸಿ, ಕಡೀಕೆ ಉಂಡು ರೂಢಿ ಆದಾಕಿಗೆ ಯಾರೋ ತಾಟು ತಂದು ಕೈಯಾಗ ಕೊಟ್ಟ್ರ ಗಂಟಲದಾಗ ತುತ್ತು ಇಳಿಯಂಗಿಲ್ಲ. “ಕೂತು ಉಣ್ಣೋದು” ಅನ್ನೋದು ನಮ್ಮ ಕಡೆ ಬೈಗಳ ಅಲ್ಲೇನು? ಆ ಬೈಗಳನ್ನ ನನಗ ನಾನೇ ಬೈಕೊಂಡೆ. ಮಗಳು ಹುಬ್ಬಳ್ಳಿಯಿಂದ ಬಂದು ಎರಡು ವಾರ ಇದ್ಲು, ಆಕಿ ಭಕ್ರಿ ಮಾಡಿ ಕೊಟ್ಟ್ರೂ ಅರ್ಧ ಮುರದು ತಿರುಗಿ ಕೊಡ್ತಿದ್ದೆ.

ಐದನೇ ವಾರ ಫಿಸಿಯೋಥೆರಪಿ ಹುಡುಗಿ ಬಂದ್ಲು. ನಮ್ಮ ಮಗಳಕಿಂತ ಸಣ್ಣಾಕಿ. ಬಂದಾಕಿನೇ ಬ್ಯಾಗಿನಾಗಿಂದ ದರ್ಜಿಗಳ ಹಂತೇಕ ಇರ್ತದಲ್ಲ, ಅಂಥ ಟೇಪು ತಗದು ಎರಡೂ ತೊಡಿ ಅಳದ್ಲು. ಮುರದ ಕಾಲಿನ ತೊಡಿ 3 ಸೆಂಟಿಮೀಟರ್ ಸಣ್ಣಾಗಿತ್ತು. “ಆಂಟಿ, ಮುರದದ್ದು ಪಾದದ ಹತ್ರ, ಕರಗಿದ್ದು ತೊಡಿ” ಅಂದ್ಲು. ಆಮ್ಯಾಲೆ ಕೇಳಿದ್ಲು, ನಿನ್ನೆ ಮುಂಜಾನಿಂದ ರಾತ್ರಿ ತನಕಾ ಏನೇನು ತಿಂದ್ರಿ ಹೇಳ್ರಿ ಅಂತ. ಹೇಳಿದೆ. ಆಕಿ ಬರಕೊಂಡು ಕೂಡಿಸಿ, “25 ಗ್ರಾಂ ಸೈತ ಪ್ರೋಟೀನು ಆಗಂಗಿಲ್ಲ ಇದು” ಅಂದ್ಲು.

ಎಷ್ಟು ಬೇಕಿತ್ತು? ಸುಮ್ನ ಆರೋಗ್ಯದಿಂದ ಇರೋ ಹೆಣಮಗಳಿಗೇ ಕಿಲೋ ತೂಕಕ್ಕ 0.83 ಗ್ರಾಂ ಬೇಕಂತ ಐಸಿಎಂಆರ್‌ನವರು ಹೇಳ್ಯಾರ. ನನ್ನ ತೂಕ 58 ಕಿಲೋ, ಅಂದ್ರ 48 ಗ್ರಾಂ. ಎಲಬು ಕೂಡೋವಾಗ ಅದಕ್ಕಿಂತ ಹೆಚ್ಚು ಬೇಕು, ನನಗ ದವಾಖಾನಿ ಆಹಾರ ತಜ್ಞೆ 65ರಿಂದ 70 ಹೇಳಿದ್ರು. ನಾ ಅದರ ಅರ್ಧಾನೂ ತಿಂದಿರಲಿಲ್ಲ, ಮತ್ತ ಪುಣ್ಯದ ಕೆಲಸ ಮಾಡೀನಿ ಅಂತ ಕೂತಿದ್ದೆ.

ಆ ಟೇಪು ನೋಡಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ನನ್ನ ಕಾಲಿನ ಸಲುವಾಗಿ ಅಲ್ಲ. ನಮ್ಮ ಅತ್ತಿಯವರ ನೆನಪು ಬಂತು.

ಹನ್ನೆರಡು ವರ್ಷದ ಹಿಂದ ಅವರು ಬಚ್ಚಲದಾಗ ಬಿದ್ದು ತೊಡಿ ಮ್ಯಾಲಿನ ಗಂಟು ಮುರಕೊಂಡ್ರು. ಅವರಿಗೆ ಆಗ ಎಪ್ಪತ್ತನಾಲ್ಕು. ಆಪರೇಶನ್ ಛಲೋನೇ ಆತು. ಮರುದಿನಾನೇ ವಾಕರ್ ಹಿಡಿಸಿ ನಿಂದ್ರಿಸ್ರಿ, ದಿನಾ ನಡಸ್ರಿ ಅಂತ ಡಾಕ್ಟರು ಹೇಳಿದ್ರು. ಮನಿಗೆ ಬಂದ ಮ್ಯಾಲೆ ಅವರು “ಬ್ಯಾಡವಾ, ಬ್ಯಾನಿ ಆಗ್ತದ” ಅಂದ್ರು, ನಾವೂ ಬ್ಯಾಡ ಬಿಡು ಅಂದ್ವಿ. ವಯಸ್ಸಾದವರು, ಮತ್ತ ಬಿದ್ದ್ರ ಏನ್ ಗತಿ ಅಂತ ಅಂಜಿಕಿ. ನಾ ಎಲ್ಲಾ ಕೈಯಾಗ ಕೊಟ್ಟೆ. ಮಲಗಿದಲ್ಲೇ ಮಾರಿ ತೊಳಸಿದೆ, ಮಲಗಿದಲ್ಲೇ ಉಣಿಸಿದೆ. ಉಣಿಸಿದ್ದೇನು? ಗಂಜಿ, ಮೆತ್ತನ ಅನ್ನ, ತಿಳಿಸಾರು. ಹಲ್ಲಿಲ್ಲ, ಹಗುರ ಇರ್ಲಿ ಅಂತ. ಎರಡು ತಿಂಗಳದಾಗ ಬಳಿ ಮೊಳಕೈ ತನಕ ಜಾರ್ತಿದ್ವು. ಬೆನ್ನಿಗೆ ಹುಣ್ಣಾತು. ಏಳು ತಿಂಗಳಿಗೆ ಹೋದ್ರು. ಮತ್ತ ಒಂದಿನಾನೂ ತಮ್ಮ ಕಾಲ ಮ್ಯಾಲೆ ತುಳಸಿಕಟ್ಟಿ ತನಕ ಹೋಗಲಿಲ್ಲ.

ಬಂದವರೆಲ್ಲಾ ಅಂದ್ರು, ಎಂಥಾ ಸೇವಾ ಮಾಡಿದ್ಲು ಸೊಸಿ, ಮಗಳೂ ಇಷ್ಟು ಮಾಡ್ತಿರಲಿಲ್ಲ ಅಂತ. ನಾನೂ ಅದನ್ನ ಕೇಳಿ ಸಮಾಧಾನ ಮಾಡಿಕೊಂಡಿದ್ದೆ. ಈಗ ಅನಸ್ತದ, ಅವರು ಬೈದ್ರೂ ನಡೀತಿತ್ತು, ನಾ ಅವರನ್ನ ಎಬ್ಬಿಸಿ ನಿಂದ್ರಿಸಬೇಕಾಗಿತ್ತು. ಗಂಜಿ ಒಳಗ ಹೆಸರಬ್ಯಾಳಿ ಕುದಿಸಿ ಹಾಕಬೇಕಾಗಿತ್ತು. ಒಂದು ಹಿಡಿ ಬ್ಯಾಳಿ. ಅದಕ್ಕೇನು ಖರ್ಚಿತ್ತು? ಅವರ ಆಯುಷ್ಯ ಅಷ್ಟೇ ಇತ್ತೋ ಏನೋ, ಅದನ್ನ ನಾ ಹೇಳಲಾರೆ. ಆದ್ರ ನಾ ಮಾಡಿದ್ದು ಅವರ ಕಾಲಿಗೆ ಬೇಕಾದದ್ದಲ್ಲ, ನನ್ನ ಅಂಜಿಕಿಗೆ ಬೇಕಾದದ್ದು.

ಅದಕ್ಕ ಈಗ ಯಾರರೆ “ವೈನಿ, ನೀವು ಒಟ್ಟ ಅಲುಗಾಡಬ್ಯಾಡ್ರಿ” ಅಂದ್ರ ನನಗ ಮೈಯೆಲ್ಲಾ ಉರೀತದ. ಮುರದ ಜಾಗಾ ಅಲುಗಾಡಬಾರದು ಅಂತ ಡಾಕ್ಟರು ಪ್ಲಾಸ್ಟರ್ ಹಾಕಿರ್ತಾರ. ಉಳಿದ ಮೈಗೆ ಪ್ಲಾಸ್ಟರ್ ಹಾಕಿಲ್ಲಲ್ಲ? ಭಾರ ಊರಬ್ಯಾಡ ಅಂದ್ರ ಊರಬಾರದು, ಆ ಮಾತು ಮೀರಬ್ಯಾಡ್ರಿ, ಪ್ಲೇಟು ಸೈತ ಸರೀತದ. ಆದ್ರ ಮಂಚದ ಮ್ಯಾಲೆ ಕೂತು ಮಾಡೋದು ಎಷ್ಟೋ ಇರ್ತದ. ಆ ಹುಡುಗಿ ನನಗ ಕಲಿಸಿದ್ದು ಹೇಳ್ತೀನಿ, ನಿಮ್ಮ ಕಾಲಿಗೆ ಯಾವುದು ಅಂತ ನಿಮ್ಮ ಡಾಕ್ಟರನ್ನ ಕೇಳ್ರಿ, ಎಲ್ಲಾ ಮುರಿತ ಒಂದೇ ಅಲ್ಲ.

ಪ್ಲಾಸ್ಟರಿನ ಹೊರಗ ಕಾಣೋ ಬಟ್ಟು ತಾಸಿಗೊಮ್ಮೆ ಮ್ಯಾಲೆ ಕೆಳಗ ಆಡಿಸೋದು. ಛಲೋ ಕಾಲಿನ ಪಾದ ಮುಂದ ಚಾಚಿ ಹಿಂದ ಎಳಕೊಳ್ಳೋದು, ಇದರಿಂದ ಮೀನಖಂಡದಾಗ ರಕ್ತ ನಿಂತು ಹೆಪ್ಪುಗಟ್ಟೋದು ತಪ್ತದ. ಮೊಣಕಾಲು ಚಾಚಿ ಹಾಸಿಗಿಗೆ ಒತ್ತಿ, ತೊಡಿ ಬಿಗಿ ಮಾಡಿ ಐದು ಎಣಿಸಿ ಬಿಡೋದು, ಹತ್ತು ಸಲ. ನೋಡ್ಲಿಕ್ಕೆ ಏನೂ ಮಾಡಿದಂಗ ಕಾಣಂಗಿಲ್ಲ, ಹತ್ತನೇದಕ್ಕ ಬೆವರು ಬರ್ತದ. ಆಮ್ಯಾಲೆ ಇಡೀ ಕಾಲು ನೆಟ್ಟಗ ಒಂದು ಗೇಣು ಎತ್ತಿ ಇಳಿಸೋದು. ಪ್ಲಾಸ್ಟರಿನ ಭಾರಕ್ಕ ಮೊದಲನೇ ದಿನ ಮೂರಕ್ಕಿಂತ ಹೆಚ್ಚು ಆಗಲಿಲ್ಲ. ಕೈಗೆ ಒಂದು ಲೀಟರಿನ ನೀರಿನ ಬಾಟಲಿ, ತುಂಬಿದ್ರ ಬರೋಬ್ಬರಿ ಒಂದು ಕಿಲೋ. ಎರಡೂ ಕೈಯಾಗ ಒಂದೊಂದು ಹಿಡಕೊಂಡು ಮ್ಯಾಲೆ ಕೆಳಗ ಮಾಡೋದು, ವಾಕರ್ ಹಿಡೀಲಿಕ್ಕೆ ರಟ್ಟಿಯಾಗ ಶಕ್ತಿ ಬೇಕಲ್ಲ. ನಾ ಇದನ್ನ ಧಾರಾವಾಹಿ ನೋಡಿಕೋತ ಮಾಡ್ತಿದ್ದೆ, ಜಾಹೀರಾತು ಬಂದಾಗೊಮ್ಮೆ. ನಮ್ಮ ಧಾರಾವಾಹಿಗಳಾಗ ಜಾಹೀರಾತಿಗೇನು ಬರ? ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಟಾವೆಲ್ಲು ಪಾದಕ್ಕ ಹಾಕಿ ಮೈಕಡೆ ಎಳಕೊಳ್ಳೋದು, ಖುರ್ಚಿ ಮ್ಯಾಲಿಂದ ಎದ್ದು ಕೂಡೋದು, ಈಗ ಅಡಿಗಿ ಕಟ್ಟಿ ಹಿಡಕೊಂಡು ಹಿಮ್ಮಡ ಎತ್ತೋದು. ಒಲಿ ಮ್ಯಾಲೆ ಹಾಲು ಕಾಯೋ ತನಕಾ ಅದೇ ನನ್ನ ವ್ಯಾಯಾಮ.

ಒಂದು ಮಾತ್ರ ಮರೀಬ್ಯಾಡ್ರಿ. ಮೀನಖಂಡ ಒಮ್ಮೆಲೆ ಬಾತು, ಬಿಸಿಯಾಗಿ, ಹಿಂಡಿದಂಗ ಬ್ಯಾನಿ ಬಂತಂದ್ರ, ಅಥವಾ ಎದಿ ಹಿಡದಂಗಾಗಿ ದಮ್ಮು ಕಟ್ಟಿತಂದ್ರ ಎಣ್ಣಿ ತಿಕ್ಕಿಕೋತ ಕೂಡಬ್ಯಾಡ್ರಿ, ಆಗಿಂದಾಗ ದವಾಖಾನಿಗೆ ಹೋಗ್ರಿ. ತಿಕ್ಕೋದಂತೂ ಬ್ಯಾಡೇಬ್ಯಾಡ.

ಊಟದ್ದು ಹೆಂಗ ಬದಲಿ ಮಾಡಿದೆ ಅಂತ ಕೇಳೋರಿಗೆ. ದುಬಾರಿ ಏನೂ ತರಲಿಲ್ಲ. ಬೆಂಗಳೂರಿನ ಮಗ ಒಂದು ದೊಡ್ಡ ಡಬ್ಬಿ ಪ್ರೋಟೀನ್ ಪೌಡರ್ ಕಳಿಸಿದ್ದ, ಹಿಂದ ಬರದದ್ದು ಓದಿದ್ರ ಸಕ್ಕರಿನೇ ಮೊದಲನೇ ಹೆಸರು. ಅದನ್ನ ನಮ್ಮನಿಯವರು ಚಹಾ ಬದಲಿ ಕುಡದು ಮುಗಿಸಿದ್ರು, ಇರ್ಲಿ. ಮುಂಜಾನೆ ಮೊಳಕಿ ಹೆಸರಕಾಳು ಒಂದು ಬಟ್ಟಲ, ನಿಂಬಿರಸ ಹಾಕಿ. ಮಧ್ಯಾಹ್ನ ಎರಡು ಜೋಳದ ಭಕ್ರಿ, ಉಸುಳಿ ಇಲ್ಲಾ ಝುಣಕಾ, ಅಗಸಿ ಚಟ್ನಿ, ದೊಡ್ಡ ಬಟ್ಟಲ ಗಟ್ಟಿ ಮೊಸರು. ಮಜ್ಜಿಗಿ ಅಲ್ಲ, ಮೊಸರು, ನೀರು ಬೆರೆಸಿದ್ರ ಹೊಟ್ಟಿ ತುಂಬ್ತದ, ಒಳಗ ಹೋಗೋದು ಕಡಿಮಿ. ನಾಲ್ಕಕ್ಕ ಒಂದು ಹಿಡಿ ಹುರದ ಶೇಂಗಾ, ಅದರಾಗೇ ಏಳು ಗ್ರಾಂ ಪ್ರೋಟೀನು. ರಾತ್ರಿ ಒಂದು ಭಕ್ರಿ, ಗಟ್ಟಿ ಬ್ಯಾಳಿ, ರಾಜಗಿರಿ ಇಲ್ಲಾ ಮೆಂತ್ಯಾ ಪಲ್ಯಾ. ಹಾಲು ದಿನಕ್ಕ ಎರಡು ಗ್ಲಾಸು. ಇಷ್ಟು ಉಂಡ್ರ 60 ದಾಟ್ತದ, ನಡುವ ಒಂದಿಷ್ಟು ಪನೀರು ಬಿದ್ರ ಲೆಕ್ಕ ಮುಗೀತು. ಕಾಳು ವಾಯು ಅನ್ನೋರು ರಾತ್ರಿ ನೆನಿಸಿ, ಆ ನೀರು ಚೆಲ್ಲಿ, ಇಂಗು ಶುಂಠಿ ಹಾಕಿ ಬೇಯಿಸ್ರಿ, ಮೊದಲ ನಾಲ್ಕು ದಿನ ಅರ್ಧ ಬಟ್ಟಲ ತಿನ್ರಿ. ಊಟದ ಬೆನ್ನಿಗೇ ಚಹಾ ಕುಡಿಯೋದು ಬಿಟ್ಟೆ, ಅದು ಪಲ್ಯಾದಾಗಿನ ಕಬ್ಬಿಣಾಂಶ ಮೈಗೆ ಹತ್ತಲಿಕ್ಕೆ ಬಿಡಂಗಿಲ್ಲ. ಇದೊಂದು ಭಾಳ ಕಠಿಣ ಆತು.

ಕ್ಯಾಲ್ಸಿಯಂ ನಮ್ಮ ವಯಸ್ಸಿನವರಿಗೆ, ಮುಟ್ಟು ನಿಂತವರಿಗೆ, ದಿನಕ್ಕ 1200 ಮಿಲಿಗ್ರಾಂ ಬೇಕಂತ. ಎರಡು ಗ್ಲಾಸು ಹಾಲು, ಒಂದು ಬಟ್ಟಲ ಮೊಸರು ಸೇರಿ ಅರ್ಧ ದಾಟ್ತದ. ಮ್ಯಾಲೆ ಎಳ್ಳು. ಸಿಪ್ಪಿ ತಗೀಲಾರದ ಎಳ್ಳು ಒಂದು ಚಮಚಾದಾಗ, ಅಂದ್ರ 10 ಗ್ರಾಂದಾಗ, 120 ಮಿಲಿಗ್ರಾಂ ಮ್ಯಾಲೆ ಸಿಗ್ತದ. ಸಜ್ಜಿ ಭಕ್ರಿ ಮ್ಯಾಲೆ ಎಳ್ಳು ಹಚ್ಚೋ ನಮ್ಮ ಅಜ್ಜಿಗಳು ಶಾಣ್ಯಾರೇ ಇದ್ದ್ರು. ರಾಗಿ ಸೈತ ಛಲೋ, ಮೈಸೂರ ಕಡೆಯವರು ಪುಣ್ಯವಂತರು, ನಮಗ ರೂಢಿ ಇಲ್ಲ. ಆದ್ರ ಡಿ ಜೀವಸತ್ವ ಇಲ್ಲಂದ್ರ ಈ ಕ್ಯಾಲ್ಸಿಯಂ ಮೈಗೆ ಹತ್ತಂಗಿಲ್ಲ, ಅದು ಬಿಸಿಲಿನಿಂದ ಬರಬೇಕು. ಕಿಡಕಿ ಕಾಜಿನ ಒಳಗಿಂದ ಬರೋ ಬಿಸಿಲು ಬೆಚ್ಚಗಿರ್ತದ ಅಷ್ಟೇ, ಅದರಾಗ ಡಿ ಹುಟ್ಟಂಗಿಲ್ಲ. ಕಟ್ಟಿ ಮ್ಯಾಲೆ ಕೂಡಬೇಕು, ಹತ್ತು ಗಂಟೆ ಮ್ಯಾಲಿನ ಬಿಸಿಲು ಕೈಕಾಲಿಗೆ ಬೀಳಬೇಕು. ಶ್ರಾವಣದ ಧಾರವಾಡದಾಗ ಬಿಸಿಲು ಎಲ್ಲಿಂದ ತರೋದು? ಅದಕ್ಕ ಡಾಕ್ಟರು ಬರದ ಗುಳಿಗಿ ತಪ್ಪಿಸಲಿಲ್ಲ.

ಅಂಟಿನ ಉಂಡಿ ಬಗ್ಗೆ ಹೇಳಲಿಲ್ಲಂದ್ರ ನೀವು ಬಿಡಂಗಿಲ್ಲ. ಅಂಟು ತಿಂದ್ರ ಎಲಬು ಅಂಟ್ತಾವ ಅಂತ ನನಗ ನಾಲ್ಕು ಮನಿಯಿಂದ ಬಂದ್ವು. ರುಚಿ ಏನ್ ಕೇಳ್ತೀರಿ! ಆದ್ರ ಅಂಟಿನಾಗ ಇರೋದು ಹೆಚ್ಚಾಗಿ ನಾರು, ಅದು ಎಲಬಿಗೆ ಹೋಗಿ ಅಂಟಂಗಿಲ್ಲ. ಕೊಬ್ಬರಿ, ಬದಾಮಿ, ಉತ್ತತ್ತಿ, ಬೆಲ್ಲ, ತುಪ್ಪಾ ಇರ್ತಾವ, ಶಕ್ತಿ ಬರ್ತದ, ದಿನಕ್ಕ ಒಂದು ತಿಂದ್ರ ಛಲೋನೇ. ನಾ ಮೂರು ತಿಂದೆ, ಮೊದಲ ತಿಂಗಳದಾಗ. ತೊಡಿ ಸಣ್ಣಾತು, ಹೊಟ್ಟಿ ದೊಡ್ಡದಾತು. ಮುರದ ಕಾಲಿನ ಮ್ಯಾಲೆ ಮೈಭಾರ ಹೆಚ್ಚು ಮಾಡೋದು ಯಾಕ? ಸಕ್ಕರಿ ಕಾಯಿಲೆ ಇದ್ದವರಂತೂ ಉಂಡಿ ಡಬ್ಬಿನ ಮಂಚದಿಂದ ದೂರ ಇಡ್ರಿ. ಮತ್ತ ಎಲಿ ತಂಬಾಕಿನ ಚಟ ಇದ್ದ ಕಾಕು, ಮಾವಶಿಗಳಿಗೆ ಕೈಮುಗದು ಹೇಳ್ತೀನಿ, ತಂಬಾಕು ಎಲಬು ಕೂಡೋದನ್ನ ತಡಾ ಮಾಡ್ತದ. ಉಂಡಿ ಬಿಟ್ಟ್ರೂ ಬಿಡ್ರಿ, ಅದನ್ನ ಮೊದಲ ಬಿಡ್ರಿ.

ನಮ್ಮನಿಯವರ ಬಗ್ಗೆ ಒಂದು ಮಾತು ಬರೀಲಿಕ್ಕೇ ಬೇಕು. ಮಗಳು ಹೋದ ಮ್ಯಾಲೆ ಭಕ್ರಿ ಅಂಗಡಿಯಿಂದ ತಂದ್ರು, ಉಸುಳಿ ತಾವೇ ಮಾಡ್ಲಿಕ್ಕೆ ಕಲತ್ರು. ನಾ ಮಂಚದ ಮ್ಯಾಲಿಂದ ಕೂಗೋದು, ಅವರು ಒಳಗಿಂದ “ಎಷ್ಟು ಸೀಟಿ?” ಅಂತ ಕೇಳೋದು, ಓಣಿಗೆಲ್ಲಾ ಕೇಳಸ್ತಿತ್ತು. ಮೊದಲನೇ ಸಲ ಮಡಿಕಿಕಾಳು ಗಂಜಿ ಆಗಿತ್ತು. ಅದನ್ನ ತಾಟಿಗೆ ಹಾಕಿ ಎದುರಿಗೆ ಕೂತು, “ನೀ ಉಣ್ಣೋ ತನಕಾ ನಾ ಉಣ್ಣಂಗಿಲ್ಲ” ಅಂದ್ರು. ನಾ ಎಲ್ಲಾರೂ ಉಂಡ ಮ್ಯಾಲೆ ಉಣ್ಣೋದು ನೋಡಿ ನೋಡಿ ಅವರಿಗೆ ಅದು ತಲ್ಯಾಗ ಕೂತಿತ್ತೋ ಏನೋ. ಅವತ್ತಿನಿಂದ ಆರಿದ್ದ ಭಕ್ರಿ ನಾ ತಿರುಗಿ ಕೊಟ್ಟಿಲ್ಲ.

ದಸರಾಕ್ಕ ಬಡಿಗಿ ಹಿಡಕೊಂಡು ಮೂರು ಮನಿಗೆ ಬನ್ನಿ ಕೊಡಲಿಕ್ಕೆ ಹೋಗಿ ಬಂದೆ. ಹಿಂದಿನ ವಾರ ಆ ಹುಡುಗಿ ಮತ್ತ ಟೇಪು ಹಿಡದ್ಲು, ಇನ್ನ ಒಂದು ಸೆಂಟಿಮೀಟರ್ ಕಡಿಮಿ ಅದ.

ಈಗ ಒಂದು ಕೆಲಸದ ಮಾತು. ನಮ್ಮ ಓಣಿಯ ಕಡೀ ಮನಿ ಕಾಕು ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ಗುರುವಾರ ಮನಿಗೆ ಬರ್ತಾರ. ಮನ್ಯಾಗ ಅವರೂ ಕಾಕಾನೂ ಇಬ್ಬರೇ. ನಾ ಹೇಳಿ ಬಂದೀನಿ, ಎರಡು ವಾರ ಮಧ್ಯಾಹ್ನದ್ದು ಒಂದು ಡಬ್ಬಿ ನಾವು ಕಳಸ್ತೀವಿ ಅಂತ. ಸೋಮವಾರ ನಂದು, ಬುಧವಾರ ಬಾಜೂ ಮನಿ ವೈನೀದು, ಶುಕ್ರವಾರ ನಮ್ಮ ತಂಗಿದು. ಕಾಳು, ಬ್ಯಾಳಿ, ಝುಣಕಾ, ಮೊಸರು, ಏನರೆ ಇರ್ಲಿ, ಉಪ್ಪು ಸ್ವಲ್ಪ ಕಡಿಮಿ ಹಾಕ್ರಿ, ಬಿ.ಪಿ. ಅದ ಅವರಿಗೆ. ಹೋದಾಗ ಅರ್ಧ ತಾಸು ಕೂತು ಅವರ ಕೈಯಾಗ ಆ ಪಾದ ಆಡಿಸೋದು, ತೊಡಿ ಬಿಗಿ ಮಾಡೋದು ಮಾಡಿಸಿ ಬರ್ರಿ, ನೀರಿನ ತಂಬಿಗಿ ನೋಡ್ರಿ. ಮಂಗಳವಾರ ಮತ್ತ ಶನಿವಾರ ಇನ್ನ ಯಾರೂ ತಗೊಂಡಿಲ್ಲ.